ಇಟಾಸ್ಕಾ ಸರೋವರದ ದಡದಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿನೆಸೋಟದ ಕನ್ನಡಿಗರ ಮನೆಗಳಿಗೆ ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿಳಿದ ಕೂಡಲೇ ಏಳುವ ಪ್ರಶ್ನೆ ಒಂದೇ: ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಮಿಸಿಸಿಪ್ಪಿ ನದಿ ಹುಟ್ಟುವ ಇಟಾಸ್ಕಾ ಸ್ಟೇಟ್ ಪಾರ್ಕಿಗೆ ಹೋಗಿ ಎಂದು ನಾನು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹಾಗೆ ಹೇಳಿದ ತಪ್ಪಿಗೆ ಫೋನಿನಲ್ಲಿ, ಪತ್ರಗಳಲ್ಲಿ, ಹಬ್ಬದೂಟದ ಪಂಕ್ತಿಯಲ್ಲಿ ನನ್ನನ್ನು ತಲುಪಿದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ ಆದಷ್ಟು ಉಳಿಸಿಕೊಂಡು, ಇಲ್ಲಿ ಒಟ್ಟುಮಾಡಿದ್ದೇನೆ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೊದಲಿಗಿವೆ. ಎರಡು ಮೂರು ಸಲ ಹೋಗಿ ಬಂದವರು ಕೇಳುವಂಥವು ಕೊನೆಗಿವೆ.

## ಹೊರಡುವ ಮೊದಲು

ಸ್ಟೇಟ್ ಪಾರ್ಕ್ ಅಂದರೆ ಕಬ್ಬನ್ ಪಾರ್ಕಿನ ಹಾಗಾ, ನಾಗರಹೊಳೆಯ ಹಾಗಾ?

ಎರಡರ ಹಾಗೂ ಅಲ್ಲ. ಹೂವಿನ ಪಾತಿ, ಕತ್ತರಿಸಿದ ಹುಲ್ಲು, ಬ್ಯಾಂಡ್‌ಸ್ಟ್ಯಾಂಡ್ ಇವುಗಳನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಸಿಗುವುದು ಪೈನ್ ಮರಗಳ ದಟ್ಟ ಕಾಡು ಮತ್ತು ನೂರಕ್ಕೂ ಹೆಚ್ಚು ಸಣ್ಣ ದೊಡ್ಡ ಸರೋವರಗಳು. ವಿಸ್ತೀರ್ಣ 32,000 ಎಕರೆಗೂ ಹೆಚ್ಚು, ಅಂದರೆ ನಾಗರಹೊಳೆಯ ಸುಮಾರು ಐದನೇ ಒಂದು ಭಾಗ. ಆದರೆ ನಾಗರಹೊಳೆಯಲ್ಲಿ ನಾವು ಅರಣ್ಯ ಇಲಾಖೆಯ ಜೀಪಿನಲ್ಲಿ ಕುಳಿತು ನೋಡಿ ಬರುತ್ತೇವೆ, ಕೆಳಗಿಳಿಯುವಂತಿಲ್ಲ. ಇಲ್ಲಿ ಇಳಿಯುವುದೇ ಕೆಲಸ: ನಡೆಯಬಹುದು, ಸೈಕಲ್ ತುಳಿಯಬಹುದು, ದೋಣಿ ನಡೆಸಬಹುದು, ಈಜಬಹುದು, ಗಾಳ ಹಾಕಬಹುದು, ಟೆಂಟ್ ಹಾಕಿಕೊಂಡು ಮಲಗಬಹುದು. ಪಾರ್ಕಿನ ಒಡೆತನ ಮಿನೆಸೋಟ ರಾಜ್ಯದ್ದು, ನಡೆಸುವುದು ಅದರ ನೈಸರ್ಗಿಕ ಸಂಪನ್ಮೂಲ ಇಲಾಖೆ. ಅಮೆರಿಕದ ಒಕ್ಕೂಟ ಸರ್ಕಾರದ ನ್ಯಾಷನಲ್ ಪಾರ್ಕುಗಳ ಪಾಸ್ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ನೆನಪಿಡಿ. ಗೇಟಿನಲ್ಲಿ ಆ ಕಾರ್ಡು ತೋರಿಸಿ ಪೆಚ್ಚಾದವರಲ್ಲಿ ನಾನೂ ಒಬ್ಬ.

ಮಿನಿಯಾಪೊಲಿಸ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದಲ್ಲವೇ?

ಬರಬಹುದು, ಆದರೆ ಬರಬೇಡಿ. ದಾರಿ ಸುಮಾರು 220 ಮೈಲಿ, ಅಂದರೆ 350 ಕಿಲೋಮೀಟರ್. ಒಂದು ಕಡೆಗೆ ನಾಲ್ಕು ಗಂಟೆ ಹಿಡಿಯುತ್ತದೆ. ಎಂಟು ಗಂಟೆ ಕಾರಿನಲ್ಲಿ ಕುಳಿತು, ನದಿ ಹುಟ್ಟುವಲ್ಲಿನ ಕಲ್ಲುಗಳ ಮೇಲೆ ನಿಂತು ಒಂದು ಫೋಟೋ ತೆಗೆಸಿಕೊಂಡು, ‘ಇಷ್ಟೇನಾ’ ಎಂದುಕೊಂಡು ಮರಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ಆ ಜಾಗವನ್ನು ನೋಡಲು ಅರ್ಧ ಗಂಟೆ ಸಾಕು ಎಂಬುದು ನಿಜ. ಪಾರ್ಕಿಗೆ ಮಾತ್ರ ಕಡಿಮೆಯೆಂದರೂ ಎರಡು ದಿನ, ಒಂದು ರಾತ್ರಿ ಬೇಕು. ಸಂಜೆ ಗಾಳಿ ನಿಂತು ಸರೋವರ ಸ್ತಬ್ಧವಾಗುವ ಹೊತ್ತು ಮತ್ತು ಬೆಳಗಿನ ಜಾವ ಮಂಜಿನೊಳಗಿಂದ ಲೂನ್ ಹಕ್ಕಿ ಕೂಗುವ ಹೊತ್ತು, ಇವೆರಡೂ ಹಗಲಿನ ಪ್ರವಾಸಿಗರಿಗೆ ದಕ್ಕುವುದಿಲ್ಲ.

ಯಾವ ತಿಂಗಳು ಹೋದರೆ ಒಳ್ಳೆಯದು?

ಮಕ್ಕಳನ್ನು ನೀರಿಗೆ ಇಳಿಸಬೇಕೆಂದಿದ್ದರೆ ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ. ಜೂನ್ ತಿಂಗಳು ಹಸಿರಾಗಿ, ರಾತ್ರಿ ಒಂಬತ್ತರವರೆಗೂ ಬೆಳಕಾಗಿ ಇರುತ್ತದೆ. ಜೂನ್ ಕೊನೆಗೆ ರಾಜ್ಯದ ಹೂವಾದ, ಬಿಳಿ ಮತ್ತು ಗುಲಾಬಿ ಬಣ್ಣದ ಲೇಡಿ ಸ್ಲಿಪ್ಪರ್ ಎಂಬ ಆರ್ಕಿಡ್ ರಸ್ತೆಯ ಬದಿಯ ಜೌಗಿನಲ್ಲಿ ಅರಳುವುದೂ ಉಂಟು. ಆದರೆ ಸೊಳ್ಳೆಯ ಕಾಟವೂ ಆಗಲೇ ತಾರಕಕ್ಕೇರುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯ ಎರಡು ವಾರ ಎನ್ನುತ್ತೇನೆ. ಸೊಳ್ಳೆ ಇರುವುದಿಲ್ಲ, ಶಾಲೆ ಶುರುವಾಗಿರುವುದರಿಂದ ಜನ ಕಡಿಮೆ, ಮೇಪಲ್ ಮರಗಳು ಕೆಂಪಾಗಿ, ಆಸ್ಪೆನ್ ಮರಗಳು ಹಳದಿಯಾಗಿ ನಿಂತಿರುತ್ತವೆ.

ಅದೂ ಕಳೆದು ಅಕ್ಟೋಬರ್ ಮಧ್ಯಕ್ಕೆ, ಅಂದರೆ ನಮ್ಮ ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ನಡೆಯುವ ಹೊತ್ತಿಗೆ ಹೋದರೆ, ಇನ್ನೊಂದು ನೋಟವಿದೆ. ಟ್ಯಾಮರಾಕ್ ಎಂಬ ಮರ ಪೈನಿನಂತೆ ಸೂಜಿಯೆಲೆ ಹೊತ್ತಿದ್ದರೂ ಚಳಿಗಾಲಕ್ಕೆ ಮುನ್ನ ಎಲೆ ಉದುರಿಸುತ್ತದೆ, ಉದುರಿಸುವ ಮೊದಲು ಇಡೀ ಜೌಗು ಪ್ರದೇಶವನ್ನು ಹೊಂಬಣ್ಣಕ್ಕೆ ತಿರುಗಿಸುತ್ತದೆ. ಏಪ್ರಿಲ್ ತಿಂಗಳು ಮಾತ್ರ ಯಾರಿಗೂ ಬೇಡ. ಸರೋವರದ ಮಂಜುಗಡ್ಡೆ ಕರಗಿರುವುದಿಲ್ಲ, ಕಾಲುದಾರಿಗಳು ಕೆಸರಾಗಿರುತ್ತವೆ.

ಟಿಕೆಟ್ ಎಷ್ಟು? ತಲೆಗೆ ಇಷ್ಟು ಅಂತ ಇದೆಯಾ?

ತಲೆಗಲ್ಲ, ಕಾರಿಗೆ. ನಾನು ಕೊನೆಯ ಸಲ ಕೊಂಡಾಗ ದಿನದ ಪರವಾನಗಿಗೆ 7 ಡಾಲರ್, ವರ್ಷದ್ದಕ್ಕೆ 35 ಡಾಲರ್ ಇತ್ತು. ಹೊರಡುವ ಮೊದಲು ಇಲಾಖೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ವರ್ಷದ್ದನ್ನು ಕೊಂಡರೆ ರಾಜ್ಯದ ಎಲ್ಲ ಸ್ಟೇಟ್ ಪಾರ್ಕುಗಳಿಗೂ ಅದೇ ನಡೆಯುತ್ತದೆ. ವರ್ಷದಲ್ಲಿ ನಾಲ್ಕು ದಿನ ಪ್ರವೇಶ ಉಚಿತ, ಆದರೆ ಆ ದಿನಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ.

ಟೆಂಟ್ ನಮಗೆ ಆಗಿಬರುವುದಿಲ್ಲ. ಉಳಿಯಲು ಬೇರೆ ಏನಿದೆ?

1905ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಡಗ್ಲಸ್ ಲಾಡ್ಜ್ ಸರೋವರದ ದಕ್ಷಿಣ ತುದಿಯಲ್ಲಿ ಇಂದಿಗೂ ಅತಿಥಿಗಳನ್ನು ಉಳಿಸಿಕೊಳ್ಳುತ್ತದೆ. ಅದರ ಸುತ್ತ ಕ್ಯಾಬಿನ್‌ಗಳೂ ಇವೆ. ಟೆಂಟ್ ಮತ್ತು ಕ್ಯಾಂಪರ್ ವಾಹನಗಳವರಿಗೆ ಬೇರ್ ಪಾ, ಪೈನ್ ರಿಜ್ ಎಂಬ ಎರಡು ದೊಡ್ಡ ಮೈದಾನಗಳಿವೆ. ನೀರಿನ ಹತ್ತಿರ ಬೇಕೆನ್ನುವವರು ಬೇರ್ ಪಾ ಆರಿಸಿಕೊಳ್ಳಬೇಕು. ಟೆಂಟಿನ ಜಾಗವನ್ನು 120 ದಿನ ಮೊದಲೇ ಕಾಯ್ದಿರಿಸಬಹುದು, ಜುಲೈ ತಿಂಗಳ ಶನಿವಾರ ಭಾನುವಾರಗಳಿಗೆ ಹಾಗೆ ಕಾಯ್ದಿರಿಸದೆ ಹೋಗುವುದು ದಂಡ. ಪಾರ್ಕಿನಲ್ಲಿ ಏನೂ ಸಿಗದಿದ್ದರೆ ದಕ್ಷಿಣಕ್ಕೆ 20 ಮೈಲಿ ದೂರದ ಪಾರ್ಕ್ ರ‍್ಯಾಪಿಡ್ಸ್ ಅಥವಾ ಉತ್ತರಕ್ಕೆ 30 ಮೈಲಿಯ ಬೆಮಿಜಿಯಲ್ಲಿ ಹೋಟೆಲುಗಳಿವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಗದ್ದಲ ಮಾಡುವಂತಿಲ್ಲ. ಅಂತ್ಯಾಕ್ಷರಿಯನ್ನು ಹತ್ತಕ್ಕೆ ಮುಗಿಸಿ.

ಅಪ್ಪ ಅಮ್ಮ ಶುದ್ಧ ಸಸ್ಯಾಹಾರಿಗಳು. ಅಲ್ಲಿ ಊಟಕ್ಕೇನು ಮಾಡುವುದು?

ಕಟ್ಟಿಕೊಂಡು ಹೋಗುವುದು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಐಸ್ ಪೆಟ್ಟಿಗೆಯಲ್ಲಿ ಮೊಸರು, ಇಷ್ಟಿದ್ದರೆ ಎರಡು ದಿನಕ್ಕೆ ಧಾರಾಳ. ಪಿಕ್‌ನಿಕ್ ಮೇಜುಗಳೂ ಬೆಂಕಿಗುಂಡಿಗಳೂ ಇವೆ. ಆ ಕೆಂಡದಲ್ಲಿ ಸುಟ್ಟ ಮುಸುಕಿನ ಜೋಳಕ್ಕೆ ನಿಂಬೆಹಣ್ಣು, ಖಾರದಪುಡಿ ಸವರಿ ಕೊಟ್ಟರೆ ಪಕ್ಕದ ಟೆಂಟಿನವರೂ ಬಂದು ಮಾತಾಡಿಸುತ್ತಾರೆ. ಸೌದೆಯನ್ನು ಮನೆಯಿಂದ ತರಬಾರದು, ಕಾಡಿನಲ್ಲಿ ಬಿದ್ದದ್ದನ್ನು ಆರಿಸಲೂಬಾರದು. ಹೊರಗಿನ ಸೌದೆಯ ಜೊತೆ ಆಶ್ ಮರಗಳನ್ನು ಕೊಲ್ಲುವ ಕೊರೆಹುಳು ಬರುತ್ತದೆಂಬ ಕಾರಣಕ್ಕೆ ಅಲ್ಲಿಯೇ, ಪರವಾನಗಿ ಇರುವವರಿಂದಲೇ ಕೊಳ್ಳಬೇಕು.

ಈ ಭಾಗದ ಹೋಟೆಲುಗಳಲ್ಲಿ ವೈಲ್ಡ್ ರೈಸ್ ಸೂಪ್ ಪ್ರಸಿದ್ಧ. ಅಕ್ಕಿಯಲ್ಲವೇ ಎಂದು ಹಿರಿಯರಿಗೆ ಹೇಳಿ ತರಿಸುವ ಮೊದಲು ಕೇಳಿ ನೋಡಿ, ಹೆಚ್ಚಿನ ಕಡೆ ಅದರಲ್ಲಿ ಕೋಳಿ ಇರುತ್ತದೆ. ಅದು ನಮ್ಮ ಭತ್ತವೂ ಅಲ್ಲ. ಆಳವಿಲ್ಲದ ನೀರಿನಲ್ಲಿ ತಾನಾಗಿ ಬೆಳೆಯುವ ಹುಲ್ಲಿನ ಕಾಳು. ಇಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನ ಅದನ್ನು ಮನೋಮಿನ್ ಎನ್ನುತ್ತಾರೆ. ಒಬ್ಬರು ದೋಣಿ ನೂಕುತ್ತಿರಲು ಇನ್ನೊಬ್ಬರು ಒಂದು ಕೋಲಿನಿಂದ ತೆನೆ ಬಾಗಿಸಿ ಇನ್ನೊಂದರಿಂದ ಬಡಿದು ಕಾಳನ್ನು ದೋಣಿಯೊಳಕ್ಕೇ ಉದುರಿಸಿಕೊಳ್ಳುತ್ತಾರೆ. ಒಂದು ಪೊಟ್ಟಣ ಕೊಂಡು ಮನೆಯಲ್ಲಿ ಚಿತ್ರಾನ್ನ ಮಾಡಿ ನೋಡಿ. ಬೇಯಲು ಮುಕ್ಕಾಲು ಗಂಟೆ ಬೇಕು ಎಂಬುದೊಂದೇ ತಕರಾರು.

## ನದಿ ಹುಟ್ಟುವಲ್ಲಿ

ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ಉಗಮದವರೆಗೆ ನಡೆಯಲು ಆಗುತ್ತದಾ?

ಆಗುತ್ತದೆ. ಪಾರ್ಕಿನ ಉತ್ತರ ತುದಿಯ ಮೇರಿ ಗಿಬ್ಸ್ ಕೇಂದ್ರದ ಬಳಿ ಕಾರು ನಿಲ್ಲಿಸಿದರೆ ಸುಮಾರು 800 ಅಡಿಗಳ ದಾರಿ. ಹೆಚ್ಚುಕಡಿಮೆ ಮಟ್ಟಸವಾಗಿದ್ದು, ಗಾಲಿಕುರ್ಚಿಯೂ ಹೋಗುತ್ತದೆ. ತಲಕಾವೇರಿಯಲ್ಲಿ ಬ್ರಹ್ಮಗಿರಿಯ ಮೆಟ್ಟಿಲು ಹತ್ತಿದ ನೆನಪಿನಿಂದ ಹೆದರಿದವರಿಗೆ ಇದು ಏನೇನೂ ಅಲ್ಲ. ಆದರೆ ಕೊನೆಯಲ್ಲಿ ದಡದಿಂದ ನೀರಿಗೆ ಇಳಿಯುವ ಜಾಗದಲ್ಲಿ ಒಬ್ಬರು ಕೈ ಹಿಡಿದುಕೊಳ್ಳಬೇಕಾಗುತ್ತದೆ.

ಕಲ್ಲುಗಳ ಮೇಲೆ ದಾಟಬೇಕಾ, ನೀರಿನಲ್ಲಿ ಇಳಿದು ದಾಟಬೇಕಾ?

ನೀರಿನಲ್ಲಿ. ಫೋಟೋಗಳಲ್ಲಿ ಕಾಣುವ ಕಲ್ಲಿನ ಸಾಲು ಪಾಚಿಗಟ್ಟಿ ಜಾರುತ್ತದೆ. ನನ್ನ ಹಳೆಯ ಫೋನು ಮಿಸಿಸಿಪ್ಪಿಯ ಪಾಲಾದದ್ದು ಅದೇ ಸಾಲಿನ ನಾಲ್ಕನೆಯ ಕಲ್ಲಿನ ಮೇಲಿಂದ. ನಾಲ್ಕು ಹೆಜ್ಜೆ ಕೆಳಗೆ ಹೋದರೆ ನದಿಯ ಅಗಲ ಹದಿನೆಂಟು ಇಪ್ಪತ್ತು ಅಡಿ, ಆಳ ಮೊಣಕಾಲಿನವರೆಗೆ, ತಳದಲ್ಲಿ ಮರಳು ಮತ್ತು ಸಣ್ಣ ಬೆಣಚುಕಲ್ಲು. ಸರೋವರದ ಮೇಲ್ಪದರದ ನೀರೇ ಹೊರಗೆ ಹರಿಯುವುದರಿಂದ ಆಗಸ್ಟಿನಲ್ಲಿ ಬೆಚ್ಚಗೇ ಇರುತ್ತದೆ. ಹಳೆಯ ಚಪ್ಪಲಿ ಹಾಕಿಕೊಳ್ಳಿ, ಪ್ಯಾಂಟು ಮಡಚಿಕೊಳ್ಳಿ, ನಿಧಾನವಾಗಿ ಆಚೆ ದಡ ಸೇರಿ. ಕೆಳಗೆ ಮೈಲಿಗೂ ಹೆಚ್ಚು ಅಗಲಕ್ಕೆ ಹಬ್ಬುವ, ಹಡಗುಗಳನ್ನು ಹೊರುವ ನದಿ ಇಲ್ಲಿ ನಾಲ್ಕು ವರ್ಷದ ಮಗುವಿಗೂ ದಾರಿ ಬಿಡುತ್ತದೆ.

ದಡದಲ್ಲಿರುವ ದಪ್ಪ ಮರದ ಕಂಬದ ಮೇಲೆ ಹಳದಿ ಅಕ್ಷರಗಳಲ್ಲಿ, ಸಮುದ್ರಮಟ್ಟದಿಂದ 1,475 ಅಡಿ ಎತ್ತರದ ಈ ಜಾಗದಿಂದ ಮೆಕ್ಸಿಕೊ ಕೊಲ್ಲಿಗೆ 2,552 ಮೈಲಿ ಎಂದು ಕೊರೆದಿದೆ. ಇಂದಿನ ಲೆಕ್ಕ ಸುಮಾರು 2,340 ಮೈಲಿ. ನದಿಯ ತಿರುವುಗಳನ್ನು ನೇರಗೊಳಿಸಿದ್ದರಿಂದಲೂ ಮುಖಜಭೂಮಿ ಬದಲಾಗುತ್ತಲೇ ಇರುವುದರಿಂದಲೂ, ಅಳೆಯುವ ಕ್ರಮ ಬೇರೆಯಾಗಿರುವುದರಿಂದಲೂ ಅಂಕಿಗಳು ಹೊಂದುವುದಿಲ್ಲ. ಇಲ್ಲಿ ಹೊರಟ ಒಂದು ಹನಿ ಸಮುದ್ರ ಸೇರಲು ಸುಮಾರು 90 ದಿನ ಎಂದು ಲೆಕ್ಕ ಹಾಕಿದ್ದಾರೆ. ಸೋಜಿಗವೆಂದರೆ ದಕ್ಷಿಣದ ಸಮುದ್ರಕ್ಕೆ ಹೋಗಬೇಕಾದ ಈ ನದಿ ಮೊದಲು ಉತ್ತರಕ್ಕೆ ಹೊರಡುತ್ತದೆ, ಬೆಮಿಜಿಯ ಹತ್ತಿರ ಪೂರ್ವಕ್ಕೆ ತಿರುಗಿ, ಆಮೇಲೆ ದಕ್ಷಿಣದ ದಾರಿ ಹಿಡಿಯುತ್ತದೆ.

ಇದು ನಿಜವಾದ ಉಗಮ ಹೌದಾ? ಆ ಕಲ್ಲುಗಳನ್ನು ಮನುಷ್ಯರೇ ಜೋಡಿಸಿದ್ದಂತಲ್ಲ.

ಕಲ್ಲುಗಳ ವಿಷಯದಲ್ಲಿ ನೀವು ಕೇಳಿದ್ದು ನಿಜ. 1930ರ ದಶಕದಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ರಚಿಸಿದ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ಪಡೆಯವರು ಜೌಗಾಗಿದ್ದ ಈ ಜಾಗವನ್ನು ತುಂಬಿ ಸರಿಪಡಿಸಿದರು. ಸಾಲುಗಲ್ಲುಗಳ ಅಡಿಯಲ್ಲಿ ಒಂದು ಸಣ್ಣ ಕಾಂಕ್ರೀಟ್ ಕಟ್ಟೆ ಇದೆ. ಇದನ್ನು ತಿಳಿದು ಬೇಸರಪಡುವವರಿದ್ದಾರೆ, ನನಗೇನೂ ಬೇಸರವಿಲ್ಲ. ತಲಕಾವೇರಿಯ ಬ್ರಹ್ಮಕುಂಡಿಕೆಗೂ ಕಲ್ಲು ಕಟ್ಟಿದವರು ಮನುಷ್ಯರೇ ಅಲ್ಲವೇ?

ಉಗಮದ ಪ್ರಶ್ನೆ ಇನ್ನೂ ಸೊಗಸಾದದ್ದು. ಇಟಾಸ್ಕಾ ಸರೋವರಕ್ಕೆ ದಕ್ಷಿಣದಿಂದ ಸಣ್ಣ ತೊರೆಗಳು ಬಂದು ಸೇರುತ್ತವೆ. ಹಾಗಿದ್ದರೆ ಅವುಗಳ ಮೂಲವೇ ಮಿಸಿಸಿಪ್ಪಿಯ ಮೂಲವಾಗಬೇಕಲ್ಲ ಎಂದು ವಾದಿಸಬಹುದು. 1836ರಲ್ಲಿ ಜೋಸೆಫ್ ನಿಕೊಲೆ ಎಂಬ ಫ್ರೆಂಚ್ ಭೂಪಟಕಾರ ಈ ತೊರೆಗಳನ್ನು ಹಿಂಬಾಲಿಸಿ ನಕ್ಷೆ ಮಾಡಿದ. 1881ರಲ್ಲಿ ವಿಲರ್ಡ್ ಗ್ಲೇಜಿಯರ್ ಎಂಬಾತ ಪಕ್ಕದ ಎಲ್ಕ್ ಸರೋವರವೇ ನಿಜವಾದ ಮೂಲವೆಂದು ಸಾರಿ ಅದಕ್ಕೆ ತನ್ನ ಹೆಸರನ್ನೇ ಇಟ್ಟುಕೊಂಡ. ಆ ಗದ್ದಲವನ್ನು ಇತ್ಯರ್ಥಪಡಿಸಲು ಜೇಕಬ್ ಬ್ರೋವರ್ ಎಂಬ ಭೂಮಾಪಕರು 1888–89ರಲ್ಲಿ ಸರೋವರದ ಸುತ್ತಲಿನ, ಬೋಗುಣಿಯಂತಿರುವ ಇಡೀ ತಗ್ಗು ಪ್ರದೇಶವನ್ನು ಅಳೆದು, ನದಿ ಎಂದು ಕರೆಯಬಹುದಾದ ಹರಿವು ಶುರುವಾಗುವುದು ಇಟಾಸ್ಕಾದಿಂದಲೇ ಎಂದು ತೀರ್ಮಾನಿಸಿದರು. ಕಾವೇರಿಯೂ ಕುಂಡಿಕೆಯಲ್ಲಿ ಕಂಡು, ನೆಲದೊಳಗೆ ಮರೆಯಾಗಿ, ಕೆಳಗೆಲ್ಲೋ ಮತ್ತೆ ಹರಿವಾಗಿ ತೋರುತ್ತಾಳೆ. ಎಲ್ಲಿ ಹುಟ್ಟಿದಳೆಂದು ಯಾರೂ ಮಾಪಕ ಹಿಡಿದು ಕೇಳುವುದಿಲ್ಲ. ಉಗಮವೆಂಬುದನ್ನು ನೀರು ಹೇಳುವುದಿಲ್ಲ, ಅದರ ದಡದಲ್ಲಿ ನಿಂತವರು ಒಪ್ಪಿಕೊಳ್ಳುತ್ತಾರೆ.

ನದಿಗೆ ಪೂಜೆ ಮಾಡಿ ಹೂವು, ಅರಿಶಿನ, ಕುಂಕುಮ ಬಿಡಬಹುದಾ? ನೀರನ್ನು ಬಾಟಲಿಯಲ್ಲಿ ತರಬಹುದಾ?

ಕೈ ಮುಗಿಯಲು, ತಲೆಗೆ ನೀರು ಚಿಮುಕಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ನಮ್ಮ ಮನೆಯ ಹಿರಿಯರೆಲ್ಲ ಅದನ್ನೇ ಮಾಡಿದ್ದಾರೆ. ಆದರೆ ನೀರಿಗೆ ಏನನ್ನೂ ಬಿಡಬೇಡಿ, ದೀಪವನ್ನಂತೂ ಬಿಡಲೇಬೇಡಿ. ಆ ಜಾಗ ಒಜಿಬ್ವೆ ಜನರಿಗೂ ಗೌರವದ ಜಾಗ, ಅದರ ಪಕ್ಕದಲ್ಲೇ ಮಕ್ಕಳು ಆಡುತ್ತಿರುತ್ತಾರೆ. ಬಾಟಲಿಯ ವಿಷಯದಲ್ಲಿ ನನ್ನ ಸಲಹೆ ಬೇಡ ಎಂದೇ. ಕುದಿಸದೆ ಕುಡಿದರೆ ಹೊಟ್ಟೆ ಕೆಡುವುದು ಒಂದು ಕಾರಣ. ಒಂದು ಸರೋವರದ ನೀರಿನೊಂದಿಗೆ ಚಿಪ್ಪುಹುಳುಗಳ ಮರಿ, ಕಳೆಗಿಡದ ತುಣುಕು ಇನ್ನೊಂದಕ್ಕೆ ಸಾಗದಿರಲೆಂದು ದೋಣಿ, ಬಕೆಟ್ಟುಗಳ ನೀರನ್ನು ದಡದಲ್ಲೇ ಚೆಲ್ಲಿ ಹೊರಡಬೇಕೆಂಬ ಕಾನೂನು ಮಿನೆಸೋಟದಲ್ಲಿರುವುದು ಇನ್ನೊಂದು.

ಇಟಾಸ್ಕಾ ಎಂಬುದು ಅಲ್ಲಿಯ ಮೂಲನಿವಾಸಿಗಳ ಹೆಸರಾ?

ಕೇಳಿದರೆ ಹಾಗೆನಿಸುತ್ತದೆ, ಆದರೆ ಅದು ಲ್ಯಾಟಿನ್. 1832ರಲ್ಲಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಅಧಿಕಾರಿಯನ್ನು ಓಜಾವಿಂಡಿಬ್ ಎಂಬ ಒಜಿಬ್ವೆ ನಾಯಕರು ಇಲ್ಲಿಗೆ ಕರೆತಂದರು. ನಿಜವಾದ ತಲೆ ಎಂಬ ಅರ್ಥ ಬರುವಂತೆ ‘ವೆರಿಟಾಸ್ ಕಾಪುಟ್’ ಎಂಬ ಎರಡು ಪದಗಳನ್ನು ಜೋಡಿಸಿ, ಮೊದಲಿನದರ ಬಾಲವನ್ನೂ ಎರಡನೆಯದರ ತಲೆಯನ್ನೂ ಉಳಿಸಿ, ಸ್ಕೂಲ್‌ಕ್ರಾಫ್ಟ್ ಈ ಹೆಸರು ಕಟ್ಟಿದ. ದಾರಿ ತೋರಿದವರ ಭಾಷೆಯಲ್ಲಿ ಅದಕ್ಕೆ ಓಮಷ್ಕೋಜೋ-ಜಾಗಇಗನ್ ಎಂಬ ಹೆಸರು ಮೊದಲೇ ಇತ್ತು: ಎಲ್ಕ್ ಜಿಂಕೆಯ ಸರೋವರ ಎಂದು. ಪತ್ತೆ ಹಚ್ಚಿದವನೆಂಬ ಬಿರುದು ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

## ನೀರಿನಲ್ಲಿ, ಕಾಡಿನಲ್ಲಿ

ನಮಗೆ ದೋಣಿ ನಡೆಸಿ ಅಭ್ಯಾಸವಿಲ್ಲ. ಕನೂ ಬಾಡಿಗೆಗೆ ತೆಗೆದುಕೊಳ್ಳುವ ಧೈರ್ಯ ಮಾಡಬಹುದಾ?

ಬೆಳಿಗ್ಗೆಯಾದರೆ ಮಾಡಬಹುದು. ಪಾರ್ಕಿನೊಳಗೆ ಕನೂ, ಕಯಾಕ್, ಪಾಂಟೂನ್ ದೋಣಿ, ಸೈಕಲ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಸರೋವರ ಸಾವಿರ ಎಕರೆಗೆ ತುಸು ಹೆಚ್ಚು, ಮೂರು ತೋಳು ಚಾಚಿದ ಕವೆಗೋಲಿನಂತಿದೆ. ತೋಳುಗಳು ಕಿರಿದಾಗಿರುವುದರಿಂದ ಎಲ್ಲಿದ್ದರೂ ದಡ ಕಣ್ಣೆದುರೇ ಇರುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದರೆ ಆ ಕಿರಿದಾದ ತೋಳುಗಳೇ ಕೊಳವೆಯಂತಾಗುತ್ತವೆ. ಮೊದಲ ಸಲ ನಾವಿಬ್ಬರು ಗಾಳಿ ಬೆನ್ನಿಗಿದ್ದದ್ದನ್ನು ನಮ್ಮ ಕೌಶಲವೆಂದು ಭ್ರಮಿಸಿ ಸಲೀಸಾಗಿ ಒಂದು ಮೈಲಿ ಹೋದೆವು. ತಿರುಗಿ ಬರಲು ಎರಡು ಗಂಟೆ ಹಿಡಿಯಿತು, ಮೂತಿ ಎತ್ತ ತಿರುಗಿಸಿದರೂ ದೋಣಿ ಜೊಂಡಿನೊಳಕ್ಕೇ ನುಗ್ಗುತ್ತಿತ್ತು. ಅಂದಿನಿಂದ ನನ್ನ ನಿಯಮ: ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿಯ ಜೊತೆ. ಬಲ ಹೆಚ್ಚಿರುವವರು ಮುಂದೆ, ದಿಕ್ಕು ತಿಳಿದವರು ಹಿಂದೆ ಕುಳಿತುಕೊಳ್ಳಬೇಕು. ಗಂಡ ಹೆಂಡತಿ ಇದನ್ನು ದಡದಲ್ಲೇ ಇತ್ಯರ್ಥ ಮಾಡಿಕೊಂಡು ಹತ್ತುವುದು ಲೇಸು.

ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್ ದೋಣಿಯಲ್ಲಿರಲೇಬೇಕು. ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ಧರಿಸಿಯೇ ಇರಬೇಕೆಂದು ಕಾನೂನು. ಈಜು ಬಾರದ ದೊಡ್ಡವರೂ ಮಕ್ಕಳೆಂದೇ ಭಾವಿಸಿಕೊಳ್ಳಿ. ಗುಡುಗು ಕೇಳಿದರೆ ಹತ್ತಿರದ ದಡಕ್ಕೆ ಹೋಗಿ.

ಈಜುವುದಕ್ಕೆ ಜಾಗ ಇದೆಯಾ?

ಮರಳಿನ ದಡವಿದೆ, ಕಾವಲಿನವರಿಲ್ಲ. ಮಕ್ಕಳ ಮೇಲೆ ನಿಮ್ಮ ಕಣ್ಣೇ ಕಾವಲು. ಬಿಸಿಲು ಹೆಚ್ಚಾದ ವಾರಗಳಲ್ಲಿ ಆಳವಿಲ್ಲದ ನೀರಿನಲ್ಲಿ ಆಡಿದವರಿಗೆ ಮೈ ತುರಿಸುವುದುಂಟು. ನೀರಿನಿಂದ ಬಂದ ಕೂಡಲೇ ಟವೆಲಿನಿಂದ ಉಜ್ಜಿ ಒರೆಸಿಕೊಂಡರೆ ಬಹುಮಟ್ಟಿಗೆ ತಪ್ಪುತ್ತದೆ.

ಮೀನು ಹಿಡಿಯಲು ಲೈಸೆನ್ಸ್ ಬೇಕಾ?

ಮಿನೆಸೋಟದ ಕಾಯಂ ನಿವಾಸಿಗಳಿಗೆ ಸ್ಟೇಟ್ ಪಾರ್ಕಿನ ದಡದಿಂದ ಗಾಳ ಹಾಕಲು ಸಾಮಾನ್ಯವಾಗಿ ಲೈಸೆನ್ಸ್ ಬೇಕಿಲ್ಲ. ಊರಿನಿಂದ ಬಂದ ಅಪ್ಪನವರಿಗೂ ಹೊರರಾಜ್ಯದ ಗೆಳೆಯರಿಗೂ ಬೇಕು. ವಾಲೈ, ನಾರ್ದರ್ನ್ ಪೈಕ್, ಪರ್ಚ್, ಬ್ಲೂಗಿಲ್ ಮೀನುಗಳು ಇಲ್ಲಿವೆ. ಕಲಿಯುವ ಮಕ್ಕಳಿಗೆ ಬ್ಲೂಗಿಲ್ ಒಳ್ಳೆಯ ಗುರು: ಅಂಗೈಯಷ್ಟಿರುತ್ತದೆ, ಎರೆಹುಳು ಕಂಡರೆ ಬಿಡುವುದಿಲ್ಲ.

ಸೈಕಲ್ ತುಳಿಯಲು ಒಳ್ಳೆಯ ದಾರಿ ಯಾವುದು?

ಸರೋವರದ ಪೂರ್ವ ದಡದ ಪಕ್ಕದಲ್ಲಿ ನದಿಯ ಉಗಮದವರೆಗೆ ಸುಮಾರು ಆರು ಮೈಲಿಯ ಡಾಂಬರಿನ ಸೈಕಲ್ ದಾರಿ ಇದೆ. ಅಲ್ಲಿಂದ ವೈಲ್ಡರ್‌ನೆಸ್ ಡ್ರೈವ್ ಎಂಬ ಹತ್ತು ಮೈಲಿಯ ಏಕಮುಖ ರಸ್ತೆ ಪಶ್ಚಿಮದ ಕಾಡಿನೊಳಗಿಂದ ಸುತ್ತಿ ಹೊರಟಲ್ಲಿಗೇ ತಂದು ಬಿಡುತ್ತದೆ. ಎರಡನ್ನೂ ಸೇರಿಸಿದರೆ 16 ಮೈಲಿಯ ಸುತ್ತು. ಸಪಾಟಾಗಿರಬಹುದೆಂದು ಹೊರಟವರು ದಾರಿಯಲ್ಲಿ ನನ್ನನ್ನು ಶಪಿಸಿದ್ದಾರೆ. ಹಿಮನದಿಗಳು ಮಣ್ಣು ಕಲ್ಲುಗಳನ್ನು ಗುಡ್ಡೆ ಹಾಕಿ ಹೋದ ನೆಲವಿದು, ಏರಿಳಿತಗಳಿಗೆ ಕೊನೆಯಿಲ್ಲ. ಆ ಹತ್ತು ಮೈಲಿಯಲ್ಲಿ ಕಾರುಗಳೂ ಬರುತ್ತವೆ, ಆದ್ದರಿಂದ ಸಣ್ಣ ಮಕ್ಕಳಿದ್ದರೆ ಆರು ಮೈಲಿ ಹೋಗಿ ಅದೇ ದಾರಿಯಲ್ಲಿ ಮರಳಿ.

ಒಂದೇ ಒಂದು ಕಾಲುದಾರಿ ನಡೆಯಲು ಸಮಯ ಇದ್ದರೆ ಯಾವುದು?

ಏಟನ್ ಹೈಟ್ಸ್ ಗೋಪುರದ ದಾರಿ. ಕಾಡ್ಗಿಚ್ಚು ಕಾಯಲು ನಿಲ್ಲಿಸಿದ 100 ಅಡಿ ಎತ್ತರದ ಉಕ್ಕಿನ ಗೋಪುರವಿದು. ವೈಲ್ಡರ್‌ನೆಸ್ ಡ್ರೈವಿನಿಂದ ಅರ್ಧ ಮೈಲಿಯಷ್ಟು ಏರು ನಡೆದರೆ ಸಿಗುತ್ತದೆ. ಮೆಟ್ಟಿಲುಗಳ ನಡುವಿನಿಂದ ಕೆಳಗಿನ ನೆಲ ಕಾಣುತ್ತಿರುವುದರಿಂದ ಎತ್ತರಕ್ಕೆ ಹೆದರುವವರು ಕೆಳಗೇ ಇರುವುದು ಮೇಲು. ಮೇಲೆ ಹತ್ತಿದವರಿಗೆ ಮರಗಳ ನೆತ್ತಿಯ ಮೇಲಿನಿಂದ, ಹಸಿರಿನ ನಡುವೆ ಅಲ್ಲಲ್ಲಿ ಚೆಲ್ಲಿದ ಪಾದರಸದಂತೆ ಸರೋವರಗಳು ಕಾಣುತ್ತವೆ. ಏರು ಬೇಡವೆನ್ನುವವರು ಡಗ್ಲಸ್ ಲಾಡ್ಜಿನ ಬಳಿಯ ಡಾ. ರಾಬರ್ಟ್ಸ್ ದಾರಿಯಲ್ಲಿ ಎರಡು ಮೈಲಿ ಸುತ್ತಬಹುದು. ಜೌಗಿನ ಮೇಲೆ ಹಲಗೆಯ ಸೇತುವೆ ಇದೆ.

ಕಾಡಿನೊಳಗೆ ಫೋನಿನ ಸಿಗ್ನಲ್ ನಂಬುವಂತಿಲ್ಲ. ಗೇಟಿನಲ್ಲಿ ಕೊಡುವ ಕಾಗದದ ನಕ್ಷೆಯನ್ನು ಜೇಬಿನಲ್ಲಿಡಿ.

ಕರಡಿ, ತೋಳ ಇವೆಯಂತೆ. ಟೆಂಟಿಗೆ ಬಂದರೆ?

ಕಪ್ಪು ಕರಡಿಗಳಿವೆ, ತೋಳಗಳೂ ಇವೆ, ಕಾಣುವುದು ಅಪರೂಪ. ಬಳ್ಳಾರಿ, ಕೊಪ್ಪಳದ ಕಡೆಯ ಕರಡಿಯನ್ನು ಬಲ್ಲವರಿಗೆ ಭಯ ಸಹಜ, ಆದರೆ ಇಲ್ಲಿಯದು ಸ್ವಭಾವತಃ ಅಂಜುಬುರುಕ, ಅದನ್ನು ಕರೆತರುವುದು ಊಟದ ವಾಸನೆ. ತಿಂಡಿ, ಎಣ್ಣೆ, ಹಲ್ಲುಜ್ಜುವ ಪೇಸ್ಟ್ ಎಲ್ಲವನ್ನೂ ರಾತ್ರಿ ಕಾರಿನೊಳಗೆ ಇಟ್ಟು ಬೀಗ ಹಾಕಿ. ಒಗ್ಗರಣೆಯ ಪರಿಮಳ ಹಿಡಿದ ಬಟ್ಟೆಯನ್ನೂ ಟೆಂಟಿನಲ್ಲಿ ಇಡಬೇಡಿ.

ಹಾಗಾದರೆ ಹೆದರಬೇಕಾದದ್ದು ಯಾವುದಕ್ಕೆ?

ಉಣ್ಣೆಗೆ. ಮಲೆನಾಡಿನವರಿಗೆ ಮಂಗನ ಕಾಯಿಲೆಯ ದೆಸೆಯಿಂದ ಇದರ ಪರಿಚಯ ಚೆನ್ನಾಗಿ ಇದೆ; ಇಲ್ಲಿಯ ಜಿಂಕೆ ಉಣ್ಣೆ ಹರಡುವುದು ಲೈಮ್ ಕಾಯಿಲೆಯನ್ನು. ಮರಿ ಉಣ್ಣೆ ಗಸಗಸೆ ಕಾಳಿನಷ್ಟಿರುತ್ತದೆ. ಮೇ, ಜೂನ್, ಜುಲೈ ತಿಂಗಳಲ್ಲಿ ಕಾಟ ಹೆಚ್ಚು. ತಿಳಿಬಣ್ಣದ ಉದ್ದ ಪ್ಯಾಂಟು ತೊಟ್ಟು ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಹುಲ್ಲು ಸವರದಂತೆ ದಾರಿಯ ನಡುವೆ ನಡೆಯಿರಿ. ಸಂಜೆ ಸ್ನಾನದ ಹೊತ್ತಿನಲ್ಲಿ ಮಂಡಿಯ ಹಿಂದೆ, ಕಂಕುಳು, ಸೊಂಟ, ಕೂದಲಿನ ಅಂಚು ಇವುಗಳನ್ನು ತಡವಿ ನೋಡಬೇಕು. ಒಮ್ಮೆ ನನ್ನ ಮಗನ ಕಿವಿಯ ಹಿಂದಿನ ಮಚ್ಚೆಯೊಂದನ್ನು ನೋಡಿ ಇದು ಮೊದಲು ಇರಲಿಲ್ಲವಲ್ಲ ಎಂದು ಅವರಮ್ಮ ಟಾರ್ಚು ಹಿಡಿದರು; ಮಚ್ಚೆಗೆ ಕಾಲುಗಳಿದ್ದವು. ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಬೇಕು. ಬೆಂಕಿಕಡ್ಡಿ, ಸುಣ್ಣ, ಎಣ್ಣೆಯ ಉಪಾಯಗಳು ಬೇಡ. ಮುಂದಿನ ಮೂರು ನಾಲ್ಕು ವಾರಗಳಲ್ಲಿ ಜ್ವರವಾಗಲಿ ಹರಡುತ್ತ ಹೋಗುವ ಕೆಂಪು ಕಲೆಯಾಗಲಿ ಕಂಡರೆ ವೈದ್ಯರಿಗೆ ಉಣ್ಣೆಯ ವಿಷಯ ಹೇಳಲೇಬೇಕು. ಅಷ್ಟರೊಳಗೆ ಊರಿಗೆ ಮರಳಿರುವ ಅಪ್ಪ ಅಮ್ಮನಿಗೂ ಇದನ್ನು ತಿಳಿಸಿ ಕಳಿಸಿ. ಅಲ್ಲಿಯ ವೈದ್ಯರು ಲೈಮ್ ಕಾಯಿಲೆಯನ್ನು ಮೊದಲಿಗೇ ಊಹಿಸಲಾರರು.

## ಮತ್ತೆ ಮತ್ತೆ ಹೋಗುವವರಿಗೆ

ಅಷ್ಟು ದೊಡ್ಡ ಮರಗಳು ಕೊಡಲಿಯಿಂದ ಹೇಗೆ ತಪ್ಪಿಸಿಕೊಂಡವು?

ಒಂದು ಮತದ ಅಂತರದಿಂದ. ಉಗಮದ ಗದ್ದಲ ತೀರ್ಮಾನಿಸಲು ಬಂದ ಬ್ರೋವರ್ ಅವರಿಗೆ, ಮರದ ಕಂಪನಿಗಳು ಈ ಬೋಗುಣಿಯನ್ನೂ ಬೋಳಿಸಲಿವೆ ಎಂಬುದು ಅರ್ಥವಾಗಿತ್ತು. ಅವರ ಒತ್ತಾಯದಿಂದ 1891ರ ಏಪ್ರಿಲ್ 20ರಂದು ರಾಜ್ಯದ ಶಾಸನಸಭೆ ಒಂದೇ ಮತದ ಬಹುಮತದಿಂದ ಇಟಾಸ್ಕಾವನ್ನು ಪಾರ್ಕ್ ಎಂದು ಘೋಷಿಸಿತು. ಮಿನೆಸೋಟದ ಮೊದಲ ಸ್ಟೇಟ್ ಪಾರ್ಕ್ ಇದೇ. ಕಾನೂನಾದ ಕೂಡಲೇ ಕಡಿಯುವುದು ನಿಲ್ಲಲಿಲ್ಲ. ಒಳಗಿನ ಎಷ್ಟೋ ಜಮೀನು ಕಂಪನಿಗಳ ಕೈಯಲ್ಲೇ ಇತ್ತು, ದಿಮ್ಮಿ ತೇಲಿಸಲು ಅವರು ನದಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರಿಂದ ದಡದ ಮರಗಳ ಬುಡ ಮುಳುಗುತ್ತಿತ್ತು. 1903ರಲ್ಲಿ ಪಾರ್ಕಿನ ಕಮಿಷನರ್ ತೀರಿಕೊಂಡಾಗ ಆ ಸ್ಥಾನಕ್ಕೆ ಬಂದವರು ಅವರ ಮಗಳು, 24 ವರ್ಷದ ಮೇರಿ ಗಿಬ್ಸ್. ಕಟ್ಟೆಯ ಬಾಗಿಲು ಮುಟ್ಟಿದವರಿಗೆ ಗುಂಡು ಹೊಡೆಯುತ್ತೇವೆಂಬ ಬೆದರಿಕೆಯ ಎದುರಿನಲ್ಲೇ ಆಕೆ ಅದನ್ನು ತೆರೆಸಲು ಹೋಗಿ ನಿಂತರು. ಆ ಹುದ್ದೆಯಲ್ಲಿ ಇದ್ದದ್ದು ಕೆಲವೇ ತಿಂಗಳು. ನೀವು ಕಾರು ನಿಲ್ಲಿಸುವ ಕೇಂದ್ರಕ್ಕೆ ಇಟ್ಟಿರುವುದು ಅವರ ಹೆಸರನ್ನೇ.

ಪ್ರೀಚರ್ಸ್ ಗ್ರೋವ್ ಹತ್ತಿರ ಮರಗಳ ಬುಡ ಸುಟ್ಟು ಕರಕಲಾಗಿದೆ. ಕಾಡ್ಗಿಚ್ಚು ಬಿದ್ದಿತ್ತಾ?

ಪಾರ್ಕಿನ ಬೇರೆ ಬೇರೆ ಭಾಗಗಳಲ್ಲಿ ಇಲಾಖೆಯವರೇ ಆಗಾಗ ಬೆಂಕಿ ಇಡುತ್ತಾರೆ, ಹಳೆಯ ಕಾಡ್ಗಿಚ್ಚಿನ ಗುರುತುಗಳೂ ಮರಗಳ ಮೇಲೆ ಉಳಿದಿರುತ್ತವೆ. ಅಲ್ಲಿಯ ಕೆಂಪು ಪೈನ್ ಮರಗಳಿಗೆ 250 ವರ್ಷ ಮೀರಿದೆ. ಅವು ಹುಟ್ಟಿದ್ದೇ ಒಂದು ಬೆಂಕಿಯ ನಂತರ. ಈ ಮರದ ಬೀಜ ದಪ್ಪ ತರಗೆಲೆಯ ಮೇಲೆ ಬಿದ್ದರೆ ಬೇರೂರುವುದಿಲ್ಲ, ಬರಿಯ ಮಣ್ಣೂ ಬಿಸಿಲೂ ಬೇಕು. ಅವೆರಡನ್ನೂ ಒದಗಿಸುತ್ತಿದ್ದದ್ದು ಕೆಲವು ದಶಕಗಳಿಗೊಮ್ಮೆ ಬರುತ್ತಿದ್ದ ನೆಲದ ಬೆಂಕಿ. ದೊಡ್ಡ ಮರದ ದಪ್ಪ ತೊಗಟೆ ಆ ಬೆಂಕಿಯನ್ನು ತಡೆದುಕೊಳ್ಳುತ್ತದೆ. ರಕ್ಷಣೆಯ ಉತ್ಸಾಹದಲ್ಲಿ ಬೆಂಕಿಯನ್ನೆಲ್ಲ ನಂದಿಸುತ್ತ ಬಂದದ್ದರಿಂದ ಹೊಸ ಸಸಿಗಳೇ ಏಳದಾದವು. ಸಾಲದ್ದಕ್ಕೆ, ಬೇಟೆ ನಿಷೇಧಿಸಿದ್ದರಿಂದ ಜಿಂಕೆಗಳು ಮಿತಿಮೀರಿ ಹೆಚ್ಚಿ, ಹುಟ್ಟಿದ ಸಸಿಗಳ ಚಿಗುರನ್ನೂ ತಿಂದವು. ಈಗ ಅಲ್ಲಲ್ಲಿ ಪೈನ್ ಸಸಿಗಳ ತುದಿಗೆ ಕಾಗದದ ತುಂಡು ಸುತ್ತಿ ಪಿನ್ ಹೊಡೆದಿರುವುದನ್ನು ಕಾಣಬಹುದು, ಚಳಿಗಾಲದಲ್ಲಿ ಜಿಂಕೆ ಮೇಯದಿರಲೆಂದು. ಕಸವೆಂದು ಕೀಳಬೇಡಿ. ಬೇಟೆಗೆ ಈಗ ಮತ್ತೆ ಅವಕಾಶವಿದೆ; ನವೆಂಬರ್ ಆರಂಭದ ಜಿಂಕೆ ಬೇಟೆಯ ದಿನಗಳಲ್ಲಿ ನಡೆಯಲು ಹೋಗುವವರು ಢಾಳಾದ ಕಿತ್ತಳೆ ಬಣ್ಣದ ಮೇಲಂಗಿ ತೊಡಲೇಬೇಕು.

ಚಳಿಗಾಲದಲ್ಲಿ ಹೋಗುವುದು ಹುಚ್ಚುತನವೇ?

ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ರಾತ್ರಿಗಳಿರುವುದರಿಂದ ಸ್ವಲ್ಪ ಹುಚ್ಚು ಇರಲೇಬೇಕು. ಸಿದ್ಧವಾಗಿ ಹೋದವರಿಗೆ ಹಿಮದ ಮೇಲೆ ಸ್ಕೀ ದಾರಿಗಳು, ಸ್ನೋಶೂ ನಡಿಗೆ, ಮಂಜುಗಡ್ಡೆ ಕೊರೆದು ಮೀನು ಹಿಡಿಯುವುದು ಎಲ್ಲ ಇವೆ. ಹದಿನಾರು ದಾಟಿದವರು ಸ್ಕೀ ದಾರಿಗೆ ಬೇರೆ ಪಾಸ್ ಕೊಳ್ಳಬೇಕು. ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟು ಎರಡು ಗಂಟೆಗೇ ಮರಳುವ ದಾರಿ ಹಿಡಿಯಿರಿ. ಮಂಜುಗಡ್ಡೆಯ ಮೇಲೆ ನಡೆಯಲು ಕಡಿಮೆಯೆಂದರೂ ನಾಲ್ಕು ಇಂಚು ದಪ್ಪವಿರಬೇಕು. ನೀರು ಹರಿಯುವ ನದಿಯ ಬಾಯಿಯ ಹತ್ತಿರ ಎಷ್ಟೇ ದಪ್ಪ ಕಂಡರೂ ಕಾಲಿಡಬಾರದು.

ಉಗಮದಿಂದ ಬೆಮಿಜಿಯವರೆಗೆ ನದಿಯಲ್ಲೇ ಕನೂ ನಡೆಸಿಕೊಂಡು ಹೋಗಬಹುದಾ?

ಹೋಗುವವರಿದ್ದಾರೆ. ನದಿಯ ದಾರಿಯಲ್ಲಿ ಸುಮಾರು 60 ಮೈಲಿ, ಮೂರರಿಂದ ಐದು ದಿನ. ಅಗಲ ಕಿರಿದು, ಆಳ ಕಡಿಮೆ ಎಂಬ ಕಾರಣಕ್ಕೆ ಸುಲಭವೆಂದುಕೊಂಡರೆ ಕೆಟ್ಟಿರಿ. ಮೊದಲ ಮೈಲಿಗಳಲ್ಲಿ ದೋಣಿ ನಿಮ್ಮನ್ನು ಹೊರುವುದಕ್ಕಿಂತ ನೀವು ದೋಣಿಯನ್ನು ಹೊರುವುದೇ ಹೆಚ್ಚು: ಬೀವರ್ ಪ್ರಾಣಿಗಳು ಕೊಂಬೆ ಕೆಸರಿನಿಂದ ಕಟ್ಟಿದ ಅಣೆಗಳನ್ನು ಇಳಿದು ದಾಟಿಸಬೇಕು, ಅಡ್ಡ ಬಿದ್ದ ಮರಗಳ ಮೇಲೆ ಎಳೆಯಬೇಕು. ಅದು ಕಳೆದ ಮೇಲೆ ಬರುವ ಜೌಗಿನಲ್ಲಿ ತಲೆಗಿಂತ ಎತ್ತರದ ಜೊಂಡಿನ ನಡುವೆ ಹತ್ತು ಕವಲು ಕಾಣುತ್ತವೆ, ನಿಜವಾದ ನದಿ ಒಂದೇ. ಅನುಭವಿಗಳು ಹೇಳಿಕೊಡುವ ಗುಟ್ಟು ಹೀಗಿದೆ: ಹುಟ್ಟು ಹಾಕುವುದನ್ನು ನಿಲ್ಲಿಸಿ, ನೀರಿನೊಳಗಿನ ಕಳೆಯ ಎಳೆಗಳು ಯಾವ ಕಡೆಗೆ ಬಾಗಿವೆ ಎಂದು ನೋಡಿ, ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ತಲೆ ಹಾಕಿರುವ ಕವಲಿನಲ್ಲಿ ಹೋಗಿ. ವಸಂತದ ನೀರು ಇನ್ನೂ ಇರುವ ಮೇ ಕೊನೆ, ಜೂನ್ ಆರಂಭ ಸೂಕ್ತ. ಆಗಸ್ಟಿನಲ್ಲಿ ನೀರು ಸಾಲದೆ ತಳ ತಗಲುತ್ತದೆ. ಹೊರಡುವ ವಾರ ಇಲಾಖೆಯವರನ್ನು ನೀರಿನ ಮಟ್ಟ ಕೇಳಿ, ದಡದ ಕ್ಯಾಂಪ್ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ, ಬೆಮಿಜಿಯಲ್ಲಿ ಕಾರು ನಿಲ್ಲಿಸಿ ಬರಲು ಒಬ್ಬರನ್ನು ಒಪ್ಪಿಸಿಡಿ. ಎರಡು ಸಲ ನಾನು ಮೊದಲ ಆರು ಮೈಲಿ ಮುಗಿಸಿ ವಾನಗನ್ಸ್ ಲ್ಯಾಂಡಿಂಗ್ ಎಂಬ ಕಟ್ಟೆಯಲ್ಲಿ ಮೇಲೆ ಹತ್ತಿದ್ದೇನೆ, ಮೊಣಕಾಲಿನವರೆಗೆ ಕಪ್ಪು ಕೆಸರು ಮೆತ್ತಿಕೊಂಡು.